ಜೇಮ್ಸ್ ವ್ಯಾಟ್ ಪಾಲುದಾರನನ್ನು ಹುಡುಕಿದ್ದು: ಒಂದು ಪ್ರಕರಣ ಅಧ್ಯಯನ

ಜೇಮ್ಸ್ ವ್ಯಾಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕುದಿಯುವ ಕೆಟಲಿನ ಮುಚ್ಚಳ ನೋಡುತ್ತ ಕೂತ ಹುಡುಗ. ಸಣ್ಣ ಉದ್ಯಮ ನಡೆಸುವವರಿಗೆ ಬೇಕಾದ ವ್ಯಾಟ್ ಆ ಹುಡುಗನಲ್ಲ. ಮೂವತ್ತು ದಾಟಿದ, ಕೈಯಲ್ಲಿ ಅಪರೂಪದ ಕಸುಬಿದ್ದ, ತಲೆಯ ಮೇಲೆ ಸಾಲವಿದ್ದ, ಸಂಸಾರ ಸಾಗಿಸಲು ಕಾಲುವೆ ಅಳೆಯುವ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಕುಶಲಕರ್ಮಿ. ಕಲ್ಲಿದ್ದಲಿನ ಖರ್ಚನ್ನು ಅರ್ಧಕ್ಕಿಂತ ಕೆಳಗಿಳಿಸಬಲ್ಲ ಉಗಿಯಂತ್ರದ ಪೇಟೆಂಟ್ 1769ರಲ್ಲೇ ಅವನ ಹೆಸರಿಗೆ ಬಂದಿತ್ತು. ಆದರೂ ಮೊದಲ ಯಂತ್ರ ಗಿರಾಕಿಯ ಅಂಗಳದಲ್ಲಿ ಓಡಿದ್ದು 1776ರಲ್ಲಿ. ನಡುವಿನ ಏಳು ವರ್ಷ ಹಾಳಾಗಲು ಯಂತ್ರದ ತೊಡಕು ಎಷ್ಟು ಕಾರಣವೋ ಪಾಲುದಾರನ ಆಯ್ಕೆಯೂ ಅಷ್ಟೇ ಕಾರಣ.

ಪಾಲುದಾರನೋ ಸಲಹೆಗಾರನೋ ಬೇಕೆಂದಾಗ ನಾವು ಊರಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತೇವೆ. "ಆಸಾಮಿ ಹೇಗೆ? ಮೋಸ ಗೀಸ ಮಾಡುವವನಲ್ಲ ತಾನೆ?" ಒಳ್ಳೆಯವನು ಎಂದು ಗೊತ್ತಾದರೆ ಸಮಾಧಾನ, ಮುಂದಿನದನ್ನು ವಿಚಾರಿಸುವುದಿಲ್ಲ. ವ್ಯಾಟ್‌ನ ಪ್ರಕರಣವನ್ನು ಸಣ್ಣ ಉದ್ಯಮಿಗಳ ಮುಂದೆ ಇಡಬೇಕೆಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ. ಆ ಒಂದು ಪ್ರಶ್ನೆ ಸಾಲದು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಅವನನ್ನು ಮೊದಲು ಕೈಹಿಡಿದ ದೊಡ್ಡ ಬಂಡವಾಳಗಾರ ಅಪ್ಪಟ ಸಜ್ಜನ. ಆ ಸಜ್ಜನನ ಜೊತೆಗೇ ಯಂತ್ರವೂ ಮುಳುಗುವುದರಲ್ಲಿತ್ತು. ಆಮೇಲೆ ಸಿಕ್ಕವನು ಸ್ವತಃ ಸಾಲಗಾರ. ಕೊನೆಯವರೆಗೂ ನಿಂತವನು ಅವನೇ.

ಅಂಗಡಿಯ ಕಾಲ

ವ್ಯಾಟ್ ಹುಟ್ಟಿದ್ದು 1736ರಲ್ಲಿ, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರಿನಲ್ಲಿ. ಲಂಡನ್ನಿಗೆ ಹೋಗಿ ಅಳತೆಯ ಉಪಕರಣ ಮಾಡುವ ಕೆಲಸ ಕಲಿತು ಬಂದ. 1757ರ ಹೊತ್ತಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದ ಆವರಣದಲ್ಲಿ ಅವನಿಗೊಂದು ಪುಟ್ಟ ಕಾರ್ಯಾಗಾರ ಸಿಕ್ಕಿತು. ಎರಡು ವರ್ಷದ ಮೇಲೆ ಜಾನ್ ಕ್ರೇಗ್ ಎಂಬ ವಾಸ್ತುಶಿಲ್ಪಿ-ವ್ಯಾಪಾರಿಯ ಜೊತೆ ಪಾಲುದಾರಿಕೆ. ದುಡ್ಡು ಕ್ರೇಗ್‌ನದು, ಲೆಕ್ಕಪತ್ರವೂ ಅವನದೇ, ಕೆಲಸ ವ್ಯಾಟ್‌ನದು. ಅಳತೆಯ ಉಪಕರಣಗಳ ಜೊತೆಗೆ ವಾದ್ಯ, ಆಟಿಕೆ ಎಲ್ಲ ಮಾಡಿ ಮಾರಿದರು. ಒಂದು ಹಂತದಲ್ಲಿ ಹದಿನಾರು ಜನ ಕೆಲಸಗಾರರಿದ್ದರು.

ಈ ಜೊತೆ ಆರು ವರ್ಷ ಚೆನ್ನಾಗಿಯೇ ನಡೆಯಿತು. ಆದರೆ 1765ರಲ್ಲಿ ಕ್ರೇಗ್ ತೀರಿಕೊಂಡ. ಲೆಕ್ಕ ನೋಡುತ್ತಿದ್ದವನೇ ಇಲ್ಲವಾದ. ವ್ಯಾಟ್ ಮಟ್ಟಿಗೆ ಇದು ದೊಡ್ಡ ಪೆಟ್ಟು, ಏಕೆಂದರೆ ದುಡ್ಡಿನ ಮಾತೆಂದರೆ ಅವನಿಗೆ ಆಗುತ್ತಿರಲಿಲ್ಲ. ಒಂದು ಲೆಕ್ಕ ಚುಕ್ತಾ ಮಾಡುವುದಕ್ಕಿಂತ, ಒಂದು ಚೌಕಾಸಿ ಮಾಡುವುದಕ್ಕಿಂತ ಗುಂಡು ತುಂಬಿದ ಫಿರಂಗಿಯ ಎದುರು ನಿಲ್ಲುವುದೇ ವಾಸಿ ಎಂದು ಮುಂದೆ ಅವನೇ ಬರೆದ. ತನ್ನ ಈ ಕೊರತೆ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಪಾಲುದಾರನನ್ನು ಹುಡುಕಲು ಹೊರಡುವವನಿಗೆ ಈ ತಿಳಿವಳಿಕೆ ದೊಡ್ಡ ಆಸ್ತಿ. ತನ್ನಲ್ಲಿ ಏನಿಲ್ಲ ಎಂದು ಗೊತ್ತಿಲ್ಲದವರು ತನ್ನಂಥವನನ್ನೇ ಹುಡುಕಿಕೊಳ್ಳುತ್ತಾರೆ. ಇಬ್ಬರು ಕಸುಬುದಾರರು ಸೇರಿ ತೆರೆದ ಕಾರ್ಖಾನೆಯಲ್ಲಿ ಬಿಲ್ ಕೇಳಲು ಯಾರೂ ಹೋಗುವುದಿಲ್ಲ.

ಅದೇ 1765ರಲ್ಲಿ ಅವನಿಗೆ ಆ ಮಹತ್ವದ ಉಪಾಯ ಹೊಳೆಯಿತು. ಆಗ ಗಣಿಗಳ ನೀರು ಎತ್ತುತ್ತಿದ್ದುದು ನ್ಯೂಕೊಮೆನ್ ಯಂತ್ರ ಎಂಬ ಹಳೆಯ ಬಗೆಯ ಉಗಿಯಂತ್ರ. ಅದರಲ್ಲಿ ಪ್ರತಿ ಹೊಡೆತಕ್ಕೂ, ಅಂದರೆ ಪಿಸ್ಟನ್ ಒಮ್ಮೆ ಮೇಲೆ ಕೆಳಗೆ ಆಡಿದಾಗಲೆಲ್ಲ, ಸಿಲಿಂಡರಿನೊಳಗೇ ತಣ್ಣೀರು ಚಿಮ್ಮಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ಸಿಲಿಂಡರ್ ತಣ್ಣಗಾಗಬೇಕು, ಮತ್ತೆ ಕಾಯಬೇಕು. ಕಲ್ಲಿದ್ದಲಿನ ಬಹುಪಾಲು ಹೀಗೆ ಕಾಯಿಸಿ ಆರಿಸುವುದರಲ್ಲೇ ಮುಗಿಯುತ್ತಿತ್ತು. ಉಗಿಯನ್ನು ಬೇರೊಂದು ಪಾತ್ರೆಗೆ ಎಳೆದುಕೊಂಡು ಅಲ್ಲಿ ತಣಿಸಿದರೆ ಸಿಲಿಂಡರ್ ಸದಾ ಬಿಸಿಯಾಗಿಯೇ ಇರುತ್ತದೆ ಎಂಬುದು ವ್ಯಾಟ್ ಕಂಡುಕೊಂಡದ್ದು.

ಸಜ್ಜನ ರೋಬಕ್

ಉಪಾಯ ಹೊಳೆದ ಮೇಲೆ ಬೇಕಾದದ್ದು ಹಣ, ಎರಕ, ನುರಿತ ಕೈ. ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್ ತನ್ನ ಕೈಯಿಂದ ಸಾಲ ಕೊಟ್ಟ. ಅದು ಸಾಲದಾದಾಗ ಡಾ. ಜಾನ್ ರೋಬಕ್‌ನ ಪರಿಚಯ ಮಾಡಿಸಿದ. ಮೇಲುನೋಟಕ್ಕೆ ಇದಕ್ಕಿಂತ ಒಳ್ಳೆಯ ಸಂಬಂಧ ಇರಲಾರದು. ರೋಬಕ್ ಓದಿದ ವೈದ್ಯ, ರಸಾಯನ ಬಲ್ಲವನು. ಬರ್ಮಿಂಗ್‌ಹ್ಯಾಮಿನಲ್ಲಿ ಗಂಧಕಾಮ್ಲವನ್ನು ಸೀಸದ ಕೋಣೆಗಳಲ್ಲಿ ಅಗ್ಗವಾಗಿ ತಯಾರಿಸಿ ಹೆಸರು ಮಾಡಿದ್ದವನು. 1759ರಲ್ಲಿ ಕ್ಯಾರನ್ ಕಬ್ಬಿಣದ ಕಾರ್ಖಾನೆ ಕಟ್ಟಿದವರಲ್ಲಿ ಒಬ್ಬ. ವ್ಯಾಟ್‌ನ ಯಂತ್ರದ ಮೇಲೆ ಅವನಿಗೆ ನಿಜವಾದ ವಿಶ್ವಾಸವಿತ್ತು. ವ್ಯಾಟ್‌ನ ಸುಮಾರು 1,000 ಪೌಂಡ್ ಸಾಲ ತೀರಿಸಲು, ಪೇಟೆಂಟಿನ ಖರ್ಚು ಹೊರಲು ಒಪ್ಪಿದ. ಬದಲಿಗೆ ಪೇಟೆಂಟಿನ ಮೂರನೇ ಎರಡು ಪಾಲು ಅವನದು. 1769ರ ಜನವರಿಯಲ್ಲಿ ಪೇಟೆಂಟ್ ಬಂತು.

ಕಿನೀಲ್ ಎಂಬಲ್ಲಿ ರೋಬಕ್‌ನ ಮನೆಯ ಹಿಂದಿನ ಒಂದು ಕಲ್ಲಿನ ಕೊಠಡಿಯಲ್ಲಿ ಯಂತ್ರದ ಪ್ರಯೋಗ ನಡೆಯಿತು. ಕ್ಯಾರನ್ನಿನಲ್ಲಿ ಎರಕ ಹೊಯ್ದ ಸಿಲಿಂಡರ್ ಒಳಗೆ ಸರಿಯಾದ ದುಂಡಗಿರಲಿಲ್ಲ. ಪಿಸ್ಟನ್ನಿನ ಪಕ್ಕದಿಂದ ಉಗಿ ಸೋರುತ್ತಿತ್ತು. ವ್ಯಾಟ್ ಸಂದಿಗೆ ಎಣ್ಣೆ ಬಟ್ಟೆ ತುರುಕಿದ, ಬಿರಡೆಯ ತೊಗಟೆ ತುರುಕಿದ, ಹಳೇ ಟೋಪಿಯ ಚೂರೂ ತುರುಕಿದ. ಸೋರುವುದು ನಿಲ್ಲಲಿಲ್ಲ.

ರೋಬಕ್‌ಗೆ ಯಂತ್ರ ಬೇಕಾಗಿದ್ದುದು ಏಕೆ? ಬೋನೆಸ್ ಎಂಬಲ್ಲಿ ಅವನು ಗುತ್ತಿಗೆಗೆ ಹಿಡಿದ ಕಲ್ಲಿದ್ದಲು ಗಣಿಗಳಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಹಳೆಯ ಪಂಪಿಗೆ ಅದು ಬಗ್ಗುತ್ತಿರಲಿಲ್ಲ. ಗಣಿ ಉಳಿಯಬೇಕಾದರೆ ವ್ಯಾಟ್‌ನ ಯಂತ್ರ ಓಡಬೇಕು. ವ್ಯಾಟ್‌ನ ಯಂತ್ರ ಓಡಬೇಕಾದರೆ ರೋಬಕ್‌ನಿಂದ ಹಣ ಬರಬೇಕು. ಹಣ ಬರಬೇಕಾದರೆ ಗಣಿ ನಡೆಯಬೇಕು. ಈ ಸುತ್ತನ್ನು ಆಗ ಯಾರೂ ಕೂತು ಯೋಚಿಸಿದಂತೆ ಕಾಣುವುದಿಲ್ಲ. ಪಾಲುದಾರನ ಆಸಕ್ತಿ ನಮ್ಮ ಕೆಲಸದ ಮೇಲೆ ಎಷ್ಟಿದೆ ಎಂದು ನೋಡುವಾಗ, ಆ ಆಸಕ್ತಿಯ ಹಿಂದೆ ಇರುವುದು ಅವನ ಬಲವೋ ಅವನ ಸಂಕಟವೋ ಎಂಬುದನ್ನೂ ನೋಡಬೇಕು. ರೋಬಕ್‌ನದು ಸಂಕಟ. ಕಾತರದಿಂದ ಬರುವ ಬಂಡವಾಳಗಾರ ನಮಗೆ ಖುಷಿ ಕೊಡುತ್ತಾನೆ, ಬೇಗ ಸಹಿ ಹಾಕುತ್ತಾನೆ, ಷರತ್ತುಗಳಿಗೆ ತಕರಾರು ತೆಗೆಯುವುದಿಲ್ಲ. ಅವನು ಮುಳುಗಿದರೆ ನಮ್ಮ ಕೆಲಸವೂ ಅವನ ಜೊತೆ ನೀರಿನ ತಳಕ್ಕೆ.

ಹಣ ಬತ್ತಿತು. ವ್ಯಾಟ್ ಯಂತ್ರ ಬಿಟ್ಟು ಮಾಂಕ್‌ಲ್ಯಾಂಡ್ ಕಾಲುವೆಯ ಮೇಲ್ವಿಚಾರಣೆಗೆ ಹೋದ, ವರ್ಷಕ್ಕೆ 200 ಪೌಂಡ್ ಸಂಬಳ. ಪೇಟೆಂಟಿನ ಆಯುಷ್ಯ ಇದ್ದದ್ದು ಹದಿನಾಲ್ಕು ವರ್ಷ. ಅದು ಅವನ ಕಣ್ಣೆದುರೇ ಕರಗುತ್ತಿತ್ತು.

ಒಲ್ಲೆ ಎಂದವನು

ಇಷ್ಟರೊಳಗೆ ಇನ್ನೊಬ್ಬ ಕಥೆಯಲ್ಲಿ ಬಂದಿದ್ದ. ಮ್ಯಾಥ್ಯೂ ಬೋಲ್ಟನ್, ಬರ್ಮಿಂಗ್‌ಹ್ಯಾಮಿನವನು, ಗುಂಡಿ, ಬಕಲ್, ಬೆಳ್ಳಿ ಸಾಮಾನು ಮಾಡುವ ಮನೆತನದವನು. ಊರಾಚೆ ಸೋಹೊ ಎಂಬಲ್ಲಿ ಅವನು ಕಟ್ಟಿಸಿದ ಕಾರ್ಖಾನೆಯನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಅಲ್ಲಿನ ಯಂತ್ರಗಳು ತಿರುಗುತ್ತಿದ್ದುದು ನೀರಿನ ಚಕ್ರದಿಂದ. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಚಕ್ರ ನಿಲ್ಲುತ್ತಿತ್ತು. ಹಾಗಾಗಿ ಉಗಿಯಂತ್ರದ ವಿಷಯ ಬೋಲ್ಟನ್ ತಲೆಯಲ್ಲಿ ಮೊದಲಿನಿಂದಲೂ ಇತ್ತು. 1766ರಲ್ಲೇ ಈ ಬಗ್ಗೆ ಬೆಂಜಮಿನ್ ಫ್ರಾಂಕ್ಲಿನ್‌ಗೆ ಕಾಗದ ಬರೆದಿದ್ದ. 1768ರಲ್ಲಿ ವ್ಯಾಟ್ ಸೋಹೊಗೆ ಹೋದಾಗ ಇಬ್ಬರೂ ಮುಖಾಮುಖಿ ಭೇಟಿಯಾದರು.

ಪೇಟೆಂಟ್ ಬರುತ್ತಲೇ ರೋಬಕ್ ಒಂದು ಕೊಡುಗೆ ಮುಂದಿಟ್ಟ. ವಾರ್ವಿಕ್, ಸ್ಟ್ಯಾಫರ್ಡ್, ಡರ್ಬಿ ಎಂಬ ಮೂರು ಜಿಲ್ಲೆಗಳಿಗೆ ಯಂತ್ರ ಮಾಡುವ ಪರವಾನಗಿ ಬೋಲ್ಟನ್‌ಗೆ ಕೊಡುತ್ತೇನೆ ಅಂದ. ಬೋಲ್ಟನ್ ಒಲ್ಲೆ ಎಂದ. 1769ರ ಫೆಬ್ರುವರಿ 7ರಂದು ಅವನು ವ್ಯಾಟ್‌ಗೆ ಬರೆದ ಕಾಗದ ಉದ್ಯಮದ ಚರಿತ್ರೆಯಲ್ಲಿ ಹೆಸರಾದದ್ದು. ನಿನಗೆ ನೆರವಾಗಲು ಹೊರಟದ್ದಕ್ಕೆ ಎರಡು ಕಾರಣ, ನಿನ್ನ ಮೇಲಿನ ಪ್ರೀತಿ ಒಂದು, ಹಣ ತರುವ ಜಾಣ ಯೋಜನೆಯ ಮೇಲಿನ ಪ್ರೀತಿ ಇನ್ನೊಂದು ಎಂದು ನೇರವಾಗಿ ಬರೆದ. ಮೂರು ಜಿಲ್ಲೆಗೆ ಮಾತ್ರ ಮಾಡುವುದು ನನಗೆ ಲಾಭವಲ್ಲ, ಇಡೀ ಲೋಕಕ್ಕೆ ಮಾಡುವುದಾದರೆ ಲಾಭವಿದೆ ಎಂದ. ಅದಕ್ಕೆ ಏನು ಬೇಕೆಂಬುದನ್ನೂ ಬಿಡಿಸಿ ಹೇಳಿದ: ದುಡ್ಡು, ಕರಾರುವಾಕ್ಕಾದ ಕೆಲಸ, ವಿಸ್ತಾರವಾದ ವ್ಯವಹಾರ ಸಂಪರ್ಕ. ಕಾಲುವೆಯ ಪಕ್ಕ ಇದಕ್ಕಾಗಿಯೇ ಒಂದು ಕಾರ್ಖಾನೆ ಕಟ್ಟಿ, ಒಂದೇ ಯಂತ್ರಕ್ಕಾಗಿ ಯಾರೂ ಕೊಳ್ಳಲಾರದಂಥ ಒಳ್ಳೆಯ ಸಲಕರಣೆ ತಂದು, ಕೆಲಸಗಾರರನ್ನು ತರಬೇತಿ ಮಾಡಿದರೆ ಶೇ. 20ರಷ್ಟು ಅಗ್ಗವಾಗಿ ಮಾಡಬಹುದು. ಕಮ್ಮಾರನ ಕೆಲಸಕ್ಕೂ ಅಳತೆಯ ಉಪಕರಣ ಮಾಡುವವನ ಕೆಲಸಕ್ಕೂ ಇರುವಷ್ಟು ವ್ಯತ್ಯಾಸ ನಿಖರತೆಯಲ್ಲಿ ಇರುತ್ತದೆ ಎಂದ.

ಈ ಕಾಗದವನ್ನು ನಾನು ಇಡೀ ಪ್ರಕರಣದ ಹೃದಯ ಎಂದೇ ತಿಳಿಯುತ್ತೇನೆ. ನಂಬಿಕೆಗೆ ಅರ್ಹನೋ ಅಲ್ಲವೋ ಎಂದು ಹೇಳಬಲ್ಲ ಗುರುತುಗಳು ಇದರಲ್ಲಿವೆ. ಮೊದಲನೆಯದು, ತನ್ನ ಲಾಭದ ಆಸೆಯನ್ನು ಅವನು ಬಚ್ಚಿಡಲಿಲ್ಲ. "ನನಗೇನೂ ಬೇಡ, ನಿಮ್ಮ ಏಳಿಗೆಯೇ ನನ್ನ ಆಸೆ" ಎನ್ನುವ ಸಲಹೆಗಾರನ ಮುಂದೆ ಎಚ್ಚರವಾಗಿರಬೇಕು. ಅವನ ಸಂಪಾದನೆ ಎಲ್ಲಿಂದ ಬರುತ್ತದೆ ಎಂಬುದು ನಮಗೆ ಕಾಣುತ್ತಿಲ್ಲ ಎಂದರ್ಥ. ಸಾಲ ಮಾಡಿಸಿಕೊಡುವವನು ಬ್ಯಾಂಕಿನ ಕಡೆಯಿಂದ, ಯಂತ್ರ ಕೊಡಿಸುವವನು ಮಾರಾಟಗಾರನ ಕಡೆಯಿಂದ ಕಮಿಷನ್ ಪಡೆಯುತ್ತಿರಬಹುದು. ಪಡೆಯುವುದು ತಪ್ಪಲ್ಲ, ಹೇಳದಿರುವುದು ತಪ್ಪು. ಬೋಲ್ಟನ್ ಮೊದಲ ಕಾಗದದಲ್ಲೇ ಹೇಳಿದ.

ಇನ್ನೊಂದು ಗುರುತು ಅದಕ್ಕಿಂತ ಮುಖ್ಯ. ಸಿಕ್ಕಷ್ಟು ಸಿಗಲಿ ಎಂದು ಅವನು ಮೂರು ಜಿಲ್ಲೆಯನ್ನು ಬಾಚಿಕೊಳ್ಳಲಿಲ್ಲ. ಕೆಲಸ ಸರಿಯಾಗಿ ಆಗಲು ಏನು ಬೇಕೆಂದು ಅಂದಾಜು ಹಾಕಿ, ಅದು ಈ ವ್ಯವಸ್ಥೆಯಲ್ಲಿ ಆಗುವುದಿಲ್ಲ ಎಂದು ಕಂಡು ಹಿಂದೆ ಸರಿದ. ಕೊಟ್ಟ ಕೆಲಸವನ್ನೆಲ್ಲ ಒಪ್ಪಿಕೊಳ್ಳುವವನಿಗಿಂತ, ಹೀಗಾದರೆ ನನ್ನಿಂದಾಗದು, ಹೀಗಾದರೆ ಆಗುತ್ತದೆ ಎಂದು ಹೇಳುವವನ ಮಾತಿಗೆ ತೂಕವಿದೆ. ವ್ಯಾಟ್‌ಗೆ ಆಗ ಬೇಸರವಾಗಿರಲೂಬಹುದು. ಆದರೆ ಯಂತ್ರ ಸೋರುತ್ತಿರುವುದು ಉಪಾಯದ ದೋಷದಿಂದಲ್ಲ, ಕೆಲಸದ ಒರಟುತನದಿಂದ ಎಂಬುದನ್ನು ಕಿನೀಲಿನ ಕೊಠಡಿಗೆ ಕಾಲಿಡದೆಯೇ ಬೋಲ್ಟನ್ ಹಿಡಿದಿದ್ದ.

ಈ ಇಬ್ಬರ ನಡುವೆ ಕೊಂಡಿಯಾಗಿದ್ದವನು ಡಾ. ವಿಲಿಯಂ ಸ್ಮಾಲ್. ಅಮೆರಿಕದಲ್ಲಿ ಥಾಮಸ್ ಜೆಫರ್ಸನ್‌ಗೆ ಪಾಠ ಹೇಳಿದ್ದ ಮೇಷ್ಟ್ರು. 1765ರಲ್ಲಿ ಫ್ರಾಂಕ್ಲಿನ್‌ನ ಪರಿಚಯಪತ್ರ ಹಿಡಿದು ಬೋಲ್ಟನ್ ಬಳಿಗೆ ಬಂದು ಬರ್ಮಿಂಗ್‌ಹ್ಯಾಮಿನಲ್ಲಿ ವೈದ್ಯನಾಗಿ ನೆಲೆಸಿದ್ದ. ವರ್ಷಗಟ್ಟಲೆ ಅವನು ವ್ಯಾಟ್‌ಗೆ ಕಾಗದ ಬರೆದ, ಪೇಟೆಂಟ್ ಅರ್ಜಿ ಹೇಗಿರಬೇಕೆಂದು ಸಲಹೆ ಕೊಟ್ಟ, ಕೈ ಚೆಲ್ಲಿದಾಗ ಎಬ್ಬಿಸಿದ. ಬೋಲ್ಟನ್‌ನನ್ನು ಅವನು ದಿನನಿತ್ಯ ನೋಡುತ್ತಿದ್ದ. ಪಾಲುದಾರನ ಬಗ್ಗೆ ವಿಚಾರಿಸುವಾಗ ಅವನು ಕೊಟ್ಟ ಗಿರಾಕಿಗಳ ಪಟ್ಟಿಗಿಂತ ಇಂಥ ಒಬ್ಬ ವ್ಯಕ್ತಿ ಹೆಚ್ಚು ಬೆಲೆಯುಳ್ಳವನು: ಇಬ್ಬರನ್ನೂ ಬಲ್ಲವನು, ಇಬ್ಬರಿಗೂ ಬಿಚ್ಚಿ ಮಾತಾಡುವವನು.

ಯಾರಿಗೂ ಬೇಡವಾದ ಆಸ್ತಿ

1772ರ ಜೂನ್‌ನಲ್ಲಿ ಸ್ಕಾಟ್ಲೆಂಡಿನಲ್ಲಿ ಏರ್ ಬ್ಯಾಂಕ್ ಮುರಿದುಬಿತ್ತು. ಸಾಲದ ಮಾರುಕಟ್ಟೆ ಹೆಪ್ಪುಗಟ್ಟಿತು. ಮೊದಲೇ ಏದುಸಿರು ಬಿಡುತ್ತಿದ್ದ ರೋಬಕ್ 1773ರಲ್ಲಿ ದಿವಾಳಿಯಾದ. ಅವನಿಗಾಗಿ ವ್ಯಾಟ್ ಮರುಗಿದ. ನನಗೇ ಪೆಟ್ಟಾಗುವವರೆಗೂ ಅವನ ಜೊತೆ ನಿಂತೆ, ಇನ್ನು ನನ್ನ ಸಂಸಾರ ನೋಡಬೇಕು ಎಂಬರ್ಥದಲ್ಲಿ ಸ್ಮಾಲ್‌ಗೆ ಬರೆದ. ರೋಬಕ್ ಯಾರಿಗೂ ಮೋಸ ಮಾಡಿದವನಲ್ಲ. ಗಣಿಗೆ ತನ್ನದೆಲ್ಲವನ್ನೂ ಸುರಿದು ಕಳೆದುಕೊಂಡವನು.

ಸಾಲ ಕೊಟ್ಟವರು ಸೇರಿ ರೋಬಕ್‌ನ ಆಸ್ತಿಯ ಬೆಲೆ ಕಟ್ಟಿದರು. ವ್ಯಾಟ್ ಯಂತ್ರದ ಪೇಟೆಂಟಿನಲ್ಲಿ ಅವನಿಗಿದ್ದ ಮೂರನೇ ಎರಡು ಪಾಲಿಗೆ ಅವರು ಕಟ್ಟಿದ ಬೆಲೆ ಒಂದು ಕವಡೆಯೂ ಅಲ್ಲ. ರೋಬಕ್‌ನಿಂದ ಬೋಲ್ಟನ್‌ನ ಸಂಸ್ಥೆಗೆ 1,200 ಪೌಂಡ್ ಬರಬೇಕಿತ್ತು. ಬೋಲ್ಟನ್ ಆ ಬಾಕಿ ಬಿಟ್ಟುಕೊಟ್ಟು ಪೇಟೆಂಟಿನ ಪಾಲು ತೆಗೆದುಕೊಂಡ. ಕಿನೀಲಿನ ಯಂತ್ರವನ್ನು ಬಿಚ್ಚಿ, ಕಟ್ಟಿ, ಸೋಹೊಗೆ ಸಾಗಿಸಿದರು.

ಇದನ್ನು ಚಾಣಾಕ್ಷ ವ್ಯಾಪಾರ ಎಂದು ಕೆಲವರು ಓದುತ್ತಾರೆ. ಚಾಣಾಕ್ಷತನ ಇತ್ತು, ಇಲ್ಲವೆನ್ನಲಾರೆ. ಆದರೆ ಆ ದಿನ ಆ ಪಾಲಿನಲ್ಲಿ ಕೈಗೆ ಸಿಗುವಂಥದ್ದು ಏನಿತ್ತು? ಸೋರುವ ಒಂದು ಯಂತ್ರ, ಆಗಲೇ ನಾಲ್ಕು ವರ್ಷ ಸವೆದ ಪೇಟೆಂಟ್, ನಾನೂರೈನೂರು ಕಿಲೋಮೀಟರ್ ದೂರದಲ್ಲಿ ಕಾಲುವೆ ಅಳೆಯುತ್ತಿರುವ, ಬೇಗ ಮಂಕಾಗುವ ಸ್ವಭಾವದ ಒಬ್ಬ ಸಂಶೋಧಕ. ನಾಲ್ಕು ವರ್ಷದ ಹಿಂದೆ ಬರೆದ ಮಾತಿಗೆ ಬೋಲ್ಟನ್ ಈಗ ತನ್ನ ದುಡ್ಡು ಹಾಕಿದ. ಕಾಗದದಲ್ಲಿ ಹೇಳಿದ್ದಕ್ಕೂ ಕೈಯಿಂದ ಮಾಡಿದ್ದಕ್ಕೂ ಅಂತರವಿರಲಿಲ್ಲ. ನಂಬಬಹುದೇ ಎಂಬ ಪ್ರಶ್ನೆಗೆ ಇಂಥ ಉತ್ತರ ಸಿಗಲು ಸಮಯ ಬೇಕು. ಎರಡು ಸಭೆ, ಒಂದು ಊಟದಲ್ಲಿ ಸಿಗುವುದಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ವ್ಯಾಟ್ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ಸರ್ವೆ ಮಾಡುತ್ತಿದ್ದಾಗ ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. 1774ರ ಮೇ ತಿಂಗಳಲ್ಲಿ ಅವನು ಗ್ಲಾಸ್ಗೋ ಬಿಟ್ಟು ಬರ್ಮಿಂಗ್‌ಹ್ಯಾಮಿಗೆ ಬಂದ.

ಬರೆದುಕೊಂಡ ಷರತ್ತುಗಳು

ಪೇಟೆಂಟಿನ ಅವಧಿ ಇನ್ನು ಎಂಟೇ ವರ್ಷ ಉಳಿದಿತ್ತು. ಅಷ್ಟರಲ್ಲಿ ಹಾಕಿದ ದುಡ್ಡು ಹುಟ್ಟುವುದಿಲ್ಲ ಎಂದು ಲೆಕ್ಕ ಹಾಕಿ ಇಬ್ಬರೂ ಪಾರ್ಲಿಮೆಂಟಿನ ಮೊರೆಹೋದರು. ಗಣಿ ಮಾಲೀಕರ ಪರವಾದವರು ವಿರೋಧಿಸಿದರು, ಪಾರ್ಲಿಮೆಂಟಿನ ಹೆಸರಾಂತ ಮಾತುಗಾರ ಎಡ್ಮಂಡ್ ಬರ್ಕ್ ಕೂಡ ವಿರೋಧವಾಗಿ ಮಾತಾಡಿದ. ಆದರೂ 1775ರಲ್ಲಿ ಕಾಯ್ದೆ ಪಾಸಾಗಿ ಹಕ್ಕು 1800ರವರೆಗೆ ವಿಸ್ತರಣೆಯಾಯಿತು. ಅದೇ ಹೊತ್ತಿಗೆ ರಷ್ಯಾ ಸರ್ಕಾರ ವರ್ಷಕ್ಕೆ 1,000 ಪೌಂಡ್ ಸಂಬಳದ ಕೆಲಸಕ್ಕೆ ವ್ಯಾಟ್‌ನನ್ನು ಕರೆಯಿತು. ಅವನು ಹೋಗಲಿಲ್ಲ.

1775ರ ಜೂನ್ 1ರಿಂದ 25 ವರ್ಷಕ್ಕೆ ಪಾಲುದಾರಿಕೆ. ಷರತ್ತುಗಳನ್ನು ವ್ಯಾಟ್ ತಾನೇ ಕಾಗದದಲ್ಲಿ ಪಟ್ಟಿಮಾಡಿದ. ಅವು ಎಷ್ಟು ಸರಳ, ಎಷ್ಟು ಗಟ್ಟಿ ಎಂದರೆ ಇಂದು ಪೀಣ್ಯದಲ್ಲೋ ಬೆಳಗಾವಿಯ ಫೌಂಡ್ರಿ ಬೀದಿಯಲ್ಲೋ ಇಬ್ಬರು ಕೂಡಿ ಶೆಡ್ ತೆರೆಯುವುದಾದರೂ ಇದನ್ನು ಎದುರಿಟ್ಟುಕೊಂಡು ಕೂರಬಹುದು.

ಸಂಶೋಧನೆಯ ಮೂರನೇ ಎರಡು ಪಾಲು ಬೋಲ್ಟನ್‌ನದು, ಒಂದು ಪಾಲು ವ್ಯಾಟ್‌ನದು. ಕಾಯ್ದೆಗೆ ಆದ ಖರ್ಚು, ಹಿಂದಿನ ಖರ್ಚು, ಮುಂದಿನ ಪ್ರಯೋಗಗಳ ಖರ್ಚು ಎಲ್ಲ ಬೋಲ್ಟನ್‌ನದೇ. ಅದಕ್ಕೆ ಬಡ್ಡಿ ಇಲ್ಲ, ಅದು ಅವನು ತನ್ನ ಪಾಲಿಗೆ ಕೊಟ್ಟ ಬೆಲೆ. ಸರಕು ಸಾಮಗ್ರಿಗೆ ಹಾಕುವ ಬಂಡವಾಳ ಬೇರೆ. ಅದಕ್ಕೆ ಬಡ್ಡಿ ಉಂಟು, ಸರಕೇ ಅದಕ್ಕೆ ಭದ್ರತೆ. ನಕ್ಷೆ, ಸೂಚನೆ, ಸರ್ವೆ ವ್ಯಾಟ್‌ನ ಕೆಲಸ. ಯಂತ್ರದ ಕೆಲಸಕ್ಕೆ ಯಾರು ಓಡಾಡಿದರೂ ದಾರಿ ಖರ್ಚು ಸಂಸ್ಥೆಯದು. ಲೆಕ್ಕದ ಪುಸ್ತಕ ಇಡುವುದು, ವರ್ಷಕ್ಕೊಮ್ಮೆ ತಾಳೆ ಹಾಕುವುದು ಬೋಲ್ಟನ್‌ನ ಹೊಣೆ. ಮುಖ್ಯ ನಿರ್ಧಾರಗಳನ್ನು ಬರೆದಿಡಲು ಇನ್ನೊಂದು ಪುಸ್ತಕ. ಅದಕ್ಕೆ ಇಬ್ಬರೂ ಸಹಿ ಹಾಕಿದರೆ ಕರಾರಿಗೆ ಸಮ. ಒಬ್ಬರನ್ನೊಬ್ಬರು ಕೇಳದೆ ಪಾಲನ್ನು ಬೇರೆಯವರಿಗೆ ವಹಿಸುವಂತಿಲ್ಲ. ಒಬ್ಬ ಸತ್ತರೆ ಅಥವಾ ಕೈಲಾಗದಾದರೆ ಇನ್ನೊಬ್ಬನೇ ನಡೆಸಬೇಕು, ವಾರಸುದಾರರು ಅಡ್ಡ ಬರುವಂತಿಲ್ಲ. ಆದರೆ ಲೆಕ್ಕದ ಪುಸ್ತಕ ನೋಡುವ ಹಕ್ಕು ಅವರಿಗೆ ಇರುತ್ತದೆ.

ಕ್ರೇಗ್ ಸತ್ತಾಗಿನ ಪಾಠ ಕೊನೆಯ ಷರತ್ತಿನಲ್ಲಿ ಕಾಣುತ್ತದೆ. ನಮ್ಮ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯಲ್ಲೂ ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರನ ಸಾವಿನೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಯಾರ ಪಾಲು ಎಷ್ಟೆಂದು ಗೊತ್ತುಮಾಡಿಕೊಳ್ಳದಿದ್ದರೆ ಲಾಭ ನಷ್ಟ ಎಲ್ಲರಿಗೂ ಸಮ, ಒಬ್ಬ ಹತ್ತು ಲಕ್ಷ ಹಾಕಿ ಇನ್ನೊಬ್ಬ ಬರಿಗೈಯಲ್ಲಿ ಬಂದಿದ್ದರೂ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬನೂ ಪೂರ್ತಿ ಹೊಣೆ. ಸಂಸ್ಥೆಯನ್ನು ನೋಂದಾಯಿಸದಿದ್ದರೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಕರಾರಿನ ಆಧಾರದಲ್ಲಿ ಸಂಸ್ಥೆಯ ಹೆಸರಿನಿಂದ ದಾವೆ ಹೂಡಲು 69ನೇ ಕಲಂ ಬಿಡುವುದಿಲ್ಲ. ನೋಂದಣಿ ಕಡ್ಡಾಯವಲ್ಲವಲ್ಲ ಎಂದು ಸುಮ್ಮನಿರುವವರಿಗೆ ಇದು ತಿಳಿಯುವುದು ವಕೀಲರ ಕಚೇರಿಯಲ್ಲಿ.

ಇಷ್ಟೆಲ್ಲ ಪಟ್ಟಿ ಮಾಡಿದವರು ವಿಧಿವತ್ತಾದ ಪತ್ರಕ್ಕೆ ಸಹಿ ಹಾಕುವುದನ್ನು ಮಾತ್ರ ಮುಂದೂಡುತ್ತ ಹೋದರು. 1776ರಲ್ಲಿ ವ್ಯಾಟ್ ಗ್ಲಾಸ್ಗೋದಲ್ಲಿ ಬಣ್ಣ ಹಾಕುವ ಉದ್ಯಮದ ಒಬ್ಬ ವ್ಯಾಪಾರಿಯ ಮಗಳನ್ನು ಎರಡನೇ ಮದುವೆಯಾಗಲು ಹೊರಟ. ಹುಡುಗಿಯ ತಂದೆ ವ್ಯವಹಾರಸ್ಥ. ಬರ್ಮಿಂಗ್‌ಹ್ಯಾಮಿನ ಪಾಲುದಾರಿಕೆಯ ಪತ್ರ ತೋರಿಸಿ ಅಂದ. ತೋರಿಸಲು ಪತ್ರವೇ ಇಲ್ಲ. ವ್ಯಾಟ್ ಅವಸರದಲ್ಲಿ ಬೋಲ್ಟನ್‌ಗೆ ಬರೆಯಬೇಕಾಯಿತು. ಬೋಲ್ಟನ್ ಭರವಸೆಯ ಕಾಗದ ಕಳಿಸಿ ಕಾಪಾಡಿದ. ಮದುವೆ ನಡೆಯಿತು. ಆ ಮಾವನ ಮೇಲೆ ನನಗೆ ಗೌರವ. ಮಗಳನ್ನು ಕೊಡುವ ಮನೆಯವನು ಕೇಳಿದ್ದನ್ನು ಪಾಲುದಾರ ತಾನೇ ಕೇಳಬೇಕಿತ್ತು.

ಸಾಲಗಾರನ ನಿಷ್ಠೆ

1776ರ ಮಾರ್ಚ್ 8ರಂದು ಟಿಪ್ಟನ್ ಬಳಿಯ ಬ್ಲೂಮ್‌ಫೀಲ್ಡ್ ಕಲ್ಲಿದ್ದಲು ಗಣಿಯಲ್ಲಿ ಯಂತ್ರ ಓಡಿತು. ಸೋರುವಿಕೆ ನಿಂತದ್ದು ಜಾನ್ ವಿಲ್ಕಿನ್ಸನ್‌ನಿಂದ. ಫಿರಂಗಿಯ ನಳಿಗೆ ಕೊರೆಯುವ ಹೊಸ ವಿಧಾನಕ್ಕೆ 1774ರಲ್ಲಿ ಪೇಟೆಂಟ್ ಪಡೆದ ಕಬ್ಬಿಣದ ಉದ್ಯಮಿ ಅವನು. ಟಿಪ್ಟನ್ನಿಗೆ ಅವನು ಕೊರೆದುಕೊಟ್ಟ 50 ಅಂಗುಲದ ಸಿಲಿಂಡರ್ ಎಲ್ಲೂ ಒಂದು ಹಳೇ ಶಿಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲ ಎಂದು ಬೋಲ್ಟನ್ ಬರೆದ. ಅದೇ ವರ್ಷ ವಿಲ್ಕಿನ್ಸನ್‌ನ ಸ್ವಂತ ಕುಲುಮೆಗೂ ವ್ಯಾಟ್ ಯಂತ್ರ ಗಾಳಿ ಊದತೊಡಗಿತು.

ಹಣ ವಸೂಲಿಯ ಬಗೆ ಗಮನಿಸುವಂಥದ್ದು. ಯಂತ್ರವನ್ನು ಇಡಿಯಾಗಿ ಮಾರುತ್ತಿರಲಿಲ್ಲ. ಹಳೆಯ ಯಂತ್ರಕ್ಕೆ ಹೋಲಿಸಿದರೆ ಕಲ್ಲಿದ್ದಲಿನಲ್ಲಿ ಎಷ್ಟು ಉಳಿತಾಯವೋ ಅದರ ಮೂರನೇ ಒಂದು ಭಾಗವನ್ನು ಗಿರಾಕಿ ವರ್ಷವರ್ಷ ಕೊಡಬೇಕು. ಉಳಿತಾಯವೇ ಇಲ್ಲದಿದ್ದರೆ ಕೊಡುವುದೂ ಇಲ್ಲ. ಯಂತ್ರ ಎಷ್ಟು ಹೊಡೆತ ಹೊಡೆಯಿತೆಂದು ಎಣಿಸಲು ತೊಲೆಗೆ ಒಂದು ಎಣಿಕೆ ಯಂತ್ರ ಕಟ್ಟಿ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರು. ನಂಬಿಕೆ ಇದ್ದಲ್ಲಿ ಬೀಗ ಏಕೆ ಎನ್ನುವವರಿದ್ದಾರೆ. ಬೀಗ ಇದ್ದದ್ದರಿಂದ ಗಿರಾಕಿಗೂ ಸಂಸ್ಥೆಗೂ ಎಣಿಕೆಯ ಬಗ್ಗೆ ಜಗಳ ಬರಲಿಲ್ಲ. ಜಗಳ ಬಂದದ್ದು ಕೊಡಬೇಕೇ ಎಂಬ ಬಗ್ಗೆ. ಕಲ್ಲಿದ್ದಲು ಸಿಗದ, ವೇಲ್ಸ್‌ನಿಂದ ಹಡಗಿನಲ್ಲಿ ತರಿಸಬೇಕಾದ ಕಾರ್ನ್‌ವಾಲ್‌ನ ಗಣಿಗಳಿಗೆ ಈ ಯಂತ್ರ ಜೀವದಾನವಾಯಿತು. ಗಣಿ ಉಳಿದ ಮೇಲೆ ವರ್ಷವರ್ಷದ ಹಣ ಅವರಿಗೆ ಭಾರವಾಯಿತು.

ಈ ಕಾಲದಲ್ಲಿ ಬೋಲ್ಟನ್‌ನ ಸ್ಥಿತಿ ಚೆನ್ನಾಗಿರಲಿಲ್ಲ. ಜಾನ್ ಫಾದರ್‌ಗಿಲ್ ಜೊತೆಗಿನ ಗುಂಡಿ-ಬೆಳ್ಳಿ ಸಾಮಾನಿನ ವ್ಯಾಪಾರ ನಷ್ಟದಲ್ಲಿತ್ತು. ಸಾಲದ ಮೇಲೆ ಸಾಲ. ಯಂತ್ರದಿಂದ ಮುಂದೆ ಬರಲಿರುವ ಆದಾಯವನ್ನೇ ಅಡವಿಡಬೇಕಾಯಿತು, ಅದಕ್ಕೆ ವ್ಯಾಟ್‌ನ ಸಹಿಯೂ ಬೇಕಾಯಿತು. ವ್ಯಾಟ್ ಹೆದರಿದ, ಮುನಿಸಿಕೊಂಡ, ದಿವಾಳಿಯ ಭಯದಲ್ಲಿ ಕಾಗದದ ಮೇಲೆ ಕಾಗದ ಬರೆದ. ರೋಬಕ್‌ನನ್ನು ಕಂಡವನಿಗೆ ಈ ಭಯ ಸಹಜ.

ಹಾಗಾದರೆ ರೋಬಕ್‌ಗೂ ಬೋಲ್ಟನ್‌ಗೂ ಏನು ವ್ಯತ್ಯಾಸ? ಇಬ್ಬರೂ ಸಾಲಗಾರರು, ಇಬ್ಬರೂ ಸಜ್ಜನರು. ನನಗೆ ಕಾಣುವುದು ಇಷ್ಟು. ರೋಬಕ್‌ನಲ್ಲಿ ಹಣ ಇತ್ತು, ಯಂತ್ರ ತಯಾರಾಗಲು ಬೇಕಾದ ಕೈಗಳಿರಲಿಲ್ಲ. ಹಣ ಹೋದಾಗ ಅವನ ಬಳಿ ಕೊಡಲು ಏನೂ ಉಳಿಯಲಿಲ್ಲ. ಬೋಲ್ಟನ್‌ನಲ್ಲಿ ನುರಿತ ಕೆಲಸಗಾರರಿದ್ದರು, ಗಿರಾಕಿಗಳಿದ್ದರು, ಮಂತ್ರಿಗಳವರೆಗೆ ಪರಿಚಯವಿತ್ತು, ಕಾರ್ನ್‌ವಾಲ್‌ನ ಗಣಿ ಮಾಲೀಕರ ಎದುರು ಕೂತು ದಿನಗಟ್ಟಲೆ ಮಾತಾಡುವ ತಾಳ್ಮೆಯಿತ್ತು. ಹಣ ಕರಗಿದರೂ ಇವು ಕರಗಲಿಲ್ಲ. ಗಣಿಗಳಲ್ಲಿ ತಾನೇ ಷೇರು ಕೊಂಡು ಗಿರಾಕಿಗಳ ಸಾಲಿನಲ್ಲೂ ಕೂತ. ಪಾಲುದಾರ ತರುವುದು ಚೆಕ್ ಒಂದನ್ನೇ ಆದರೆ ಬ್ಯಾಂಕಿನ ಸಾಲ ಅದಕ್ಕಿಂತ ಅಗ್ಗ ಎಂದು ಸಣ್ಣ ಉದ್ಯಮಿಗಳಿಗೆ ಹೇಳಬೇಕೆನ್ನಿಸುವುದು ಇದರಿಂದ. ಇನ್ನೊಂದೂ ಇದೆ: ಅಡವಿಡುವ ಮೊದಲು ಬೋಲ್ಟನ್ ಕೇಳಿದ. ಕೇಳದೆ ಪಾಲನ್ನು ವಹಿಸುವಂತಿಲ್ಲ ಎಂಬ 1775ರ ಷರತ್ತು ಇಕ್ಕಟ್ಟಿನ ದಿನಗಳಲ್ಲೂ ನಿಂತಿತು.

ಅವನ ಮುಂದಾಲೋಚನೆಗೆ ಒಂದು ಉದಾಹರಣೆ ನಮ್ಮ ಕಡೆಯದೂ ಇದೆ. ಉಗಿಯಂತ್ರವನ್ನು ನಾಣ್ಯ ಅಚ್ಚೊತ್ತಲು ಬಳಸಿ ಬೋಲ್ಟನ್ ಸೋಹೊದಲ್ಲಿ ಟಂಕಸಾಲೆ ತೆರೆದ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರೆಸಿಡೆನ್ಸಿಗಾಗಿ 1808ರಲ್ಲಿ ಹೊರಡಿಸಿದ ಹತ್ತು ಮತ್ತು ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳು ಅಚ್ಚಾದದ್ದು ಅಲ್ಲಿ. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಅದೇ ಪ್ರೆಸಿಡೆನ್ಸಿಯಲ್ಲಿದ್ದವು.

ವಿಲ್ಕಿನ್ಸನ್

ಇನ್ನು ವಿಲ್ಕಿನ್ಸನ್ ವಿಷಯ. ಸುಮಾರು ಇಪ್ಪತ್ತು ವರ್ಷ ಬೋಲ್ಟನ್ ಮತ್ತು ವ್ಯಾಟ್ ಸಂಸ್ಥೆಯ ಯಂತ್ರಗಳಿಗೆ ಸಿಲಿಂಡರ್ ಹೆಚ್ಚಾಗಿ ಅವನ ಕಾರ್ಖಾನೆಯಿಂದಲೇ ಬರುತ್ತಿತ್ತು. ಕೆಲಸದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಗಿರಾಕಿಗಳಿಗೂ ಅವನದೇ ಸಿಲಿಂಡರ್ ತೆಗೆದುಕೊಳ್ಳಿ ಎಂದು ಇವರು ಹೇಳುತ್ತಿದ್ದರು. 1795ರ ಸುಮಾರಿಗೆ ಅವನಿಗೂ ಅವನ ತಮ್ಮ ವಿಲಿಯಂಗೂ ಜಗಳವಾಯಿತು. ತಮ್ಮ ಬಂದು ಗುಟ್ಟು ಬಿಟ್ಟ: ಅಣ್ಣ ವ್ಯಾಟ್‌ನ ಯಂತ್ರವನ್ನು ಪರವಾನಗಿಯಿಲ್ಲದೆ, ಕೊಡಬೇಕಾದ ಹಣ ಕೊಡದೆ ಎಷ್ಟೋ ಕಡೆ ಕಟ್ಟಿಸಿದ್ದಾನೆ.

ಕೆಲಸ ಬಲ್ಲವನು ಎಂಬ ಒಂದೇ ಆಧಾರದ ಮೇಲೆ ನಿಂತ ನಂಬಿಕೆ ಅದು. ಬೋಲ್ಟನ್ ಜೊತೆ ಇದ್ದಂಥ ಷರತ್ತು, ಪುಸ್ತಕ, ಬೀಗ ಯಾವುದೂ ವಿಲ್ಕಿನ್ಸನ್ ಜೊತೆ ಇರಲಿಲ್ಲ. ಗಿರಾಕಿಯ ಯಂತ್ರಕ್ಕೆ ಎಣಿಕೆ ಪೆಟ್ಟಿಗೆ ಕಟ್ಟಿದವರು ತಮ್ಮ ಸರಬರಾಜುದಾರ ಎಷ್ಟು ಸಿಲಿಂಡರ್ ಕೊರೆದು ಯಾರ್‍ಯಾರಿಗೆ ಕಳಿಸುತ್ತಾನೆಂದು ಲೆಕ್ಕ ಇಡಲಿಲ್ಲ. ಒಳಗಿನವನೇ ಅಲ್ಲವೇ ಎಂದುಕೊಂಡಿರಬೇಕು. ಇಂದಿನ ಸಣ್ಣ ಉದ್ಯಮದಲ್ಲಿ ಈ ಜಾಗದಲ್ಲಿ ಇರುವವರು ಯಾರು? ವೆಬ್‌ಸೈಟ್ ಮಾಡಿಕೊಟ್ಟು ಡೊಮೇನ್ ತನ್ನ ಹೆಸರಲ್ಲೇ ಇಟ್ಟುಕೊಂಡವನು. ಜಿಎಸ್‌ಟಿ ಖಾತೆಗೆ ತನ್ನದೇ ಮೊಬೈಲ್ ನಂಬರ್ ಕೊಟ್ಟು ಒಟಿಪಿ ತನಗೇ ಬರುವಂತೆ ಮಾಡಿಕೊಂಡವನು. ಡೈ ಮಾಡಿಕೊಟ್ಟು ಅದೇ ಡೈಯಿಂದ ಬೇರೆಯವರಿಗೂ ಮಾಲು ಹೊಡೆದುಕೊಡುವವನು. ಇವರು ಕೆಲಸದಲ್ಲಿ ಒಳ್ಳೆಯವರೇ ಇರುತ್ತಾರೆ, ಅದಕ್ಕೇ ಯಾರೂ ಕೇಳುವುದಿಲ್ಲ.

ವಿಲ್ಕಿನ್ಸನ್‌ನಿಂದ ಬಾಕಿ ವಸೂಲಾಯಿತು. ಅಷ್ಟರಲ್ಲಿ ಸಂಸ್ಥೆಯ ಕೆಲಸಕ್ಕೆ ಬೋಲ್ಟನ್, ವ್ಯಾಟ್ ಇಬ್ಬರ ಮಕ್ಕಳೂ ಇಳಿದಿದ್ದರು. ಸ್ಮೆತಿಕ್‌ನಲ್ಲಿ ಕಾಲುವೆಯ ದಡದಲ್ಲಿ ಸ್ವಂತ ಸೋಹೊ ಫೌಂಡ್ರಿ ಕಟ್ಟಿ 1796ರ ಜನವರಿಯಲ್ಲಿ ತೆರೆದರು. ಸಿಲಿಂಡರಿಗಾಗಿ ಇನ್ನೊಬ್ಬರ ಬಾಗಿಲಿಗೆ ಹೋಗುವುದು ನಿಂತಿತು. ಕಾಲುವೆಯ ಪಕ್ಕ ಯಂತ್ರಕ್ಕೆಂದೇ ಒಂದು ಕಾರ್ಖಾನೆ ಎಂದು ಬೋಲ್ಟನ್ 1769ರಲ್ಲಿ ಬರೆದಿದ್ದು ಇದನ್ನೇ. 1800ರಲ್ಲಿ ಪೇಟೆಂಟಿನ ಜೊತೆಗೇ 25 ವರ್ಷದ ಕರಾರೂ ಮುಗಿಯಿತು. ಆ ಹೊತ್ತಿಗೆ ಸುಮಾರು 450 ಯಂತ್ರಗಳು ಹೊರಟಿದ್ದವು. ವ್ಯಾಟ್ ವ್ಯವಹಾರದಿಂದ ನಿವೃತ್ತನಾದ, ಬೋಲ್ಟನ್ ಟಂಕಸಾಲೆಯಲ್ಲಿ ಮುಂದುವರಿದ. ಯಂತ್ರದ ಸಂಸ್ಥೆಯನ್ನು ಮ್ಯಾಥ್ಯೂ ರಾಬಿನ್ಸನ್ ಬೋಲ್ಟನ್ ಮತ್ತು ಕಿರಿಯ ಜೇಮ್ಸ್ ವ್ಯಾಟ್ ಹೊಸ ಪಾಲುದಾರಿಕೆಯಲ್ಲಿ ವಹಿಸಿಕೊಂಡರು.